ಮಂತ್ರಿಗಳ ಹೆಸರಿನ ಮೊದಲಕ್ಷರ

ಕೆನಡಾದ ವಿನಿಪೆಗ್ಗಿನಲ್ಲಿರುವ ನಮ್ಮ ಉಕ್ರೇನಿಯನ್ ವಿದ್ವತ್ ಪರಿಷತ್ತಿನ ಸಕಲ ಸದಸ್ಯರಿಗೂ ಮಾಜಿ ಮಂತ್ರಿ ಶ್ರೀ ಯಾರೆಮಾ ಅವರ ಮೇಲೆ ಅಧಿಕೃತ ಗೌರವವಿದೆ. ಅವರು ಮಂತ್ರಿಯಾಗಿದ್ದ ಸ್ವತಂತ್ರ ಉಕ್ರೇನನ್ನು ಎಂದೋ ಮಾಸ್ಕೋ ನುಂಗಿತು. ಮಂತ್ರಿಗಳು ಮಾತ್ರ ಆತ್ಮಕಥೆಯ ಕಂತೆಯೊಂದಿಗೆ ನಮ್ಮ ಪಾಲಿಗೆ ಉಳಿದರು. ಅಚ್ಚಿಗೆ ಎಲ್ಲವೂ ಸಿದ್ಧವಾಗಿತ್ತು. ಅವರ ಮನೆತನದ ಹೆಸರು 'ಗುಡ್ಜಿಕ್' ಎಂದೋ 'ಹುಡ್ಜಿಕ್' ಎಂದೋ ತೀರ್ಮಾನವಾಗುವುದೊಂದು ಬಾಕಿ.

ಹೊರಗಿನವರಿಗೆ ಇದು ಚಿಲ್ಲರೆ ವಿಷಯ. ಮಾಸ್ಕೋದವರು ನಮ್ಮ ವರ್ಣಮಾಲೆಯಿಂದ 'ಗ' ಅಕ್ಷರವನ್ನೇ ಕಿತ್ತುಹಾಕಿದ್ದರಿಂದ, 'ಹ' ಬರೆಯುವವನು ಮಾಸ್ಕೋದ ಬಾಲಬಡುಕನೆಂದು ಗಕಾರ ಪಕ್ಷದ ವಾದ. 'ಗ' ಎಂಬುದು ಪೋಲೆಂಡಿನ ಜಮೀನ್ದಾರರು ನಮ್ಮ ಬಾಯಿಗೆ ತುರುಕಿದ ಎಂಜಲೆಂದು ಹಕಾರ ಪಕ್ಷದ ವಾದ. ಒಬ್ಬರ ಮನೆಯ ಮದುವೆ ಊಟಕ್ಕೆ ಇನ್ನೊಬ್ಬರು ಹೋಗುವುದಿಲ್ಲ. ನಾನು ಕಾರ್ಯದರ್ಶಿ, 'ಮಂತ್ರಿಗಳು' ಎಂದಷ್ಟೇ ಹೇಳಿ ಬಚಾವಾಗುತ್ತೇನೆ.

ಮಂತ್ರಿಗಳಿಗೆ ತೊಂಬತ್ತು ದಾಟಿತ್ತು, ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ತಮ್ಮ ಪುಸ್ತಕವನ್ನು ಓದಬೇಕೆಂಬ ಆಸೆಯಿಂದ, ಹೆಂಡತಿ ಮೆಲಾನಿಯಾರ ಕೈಹಿಡಿದು ಸಭೆಗೇ ಬಂದರು.

"ಗುಡ್ಜಿಕ್ ಅಂತ ಹಾಕ್ರಪ್ಪಾ. ನಮ್ಮಪ್ಪ ಹಾಗೇ ಹೇಳ್ತಿದ್ರು."

ಅಧ್ಯಕ್ಷ ಡಾ. ಯೆರೋನಿಮ್ ಕುಪ್ಚಾಕ್ ಎದ್ದು ತಲೆಬಾಗಿದರು. ಗಂಡಸರಿಗೆ 'ಪಾನ್', ಹೆಂಗಸರಿಗೆ 'ಪಾನಿ' ಎನ್ನುವುದು ನಮ್ಮಲ್ಲಿ ಮರ್ಯಾದೆ. "ಪಾನ್ ಮಂತ್ರಿಗಳೇ, ತಾವು ಸಂಶೋಧನೆಯ ಆಕರ. ನಿಯಮದ ಪ್ರಕಾರ ಆಕರಕ್ಕೆ ಮತ ಇಲ್ಲ."

"ಅದು ನನ್ನ ಹೆಸರು ಕಣಯ್ಯಾ!"

"ಅದೇ ತೊಂದ್ರೆ. ಹತ್ತಿರದ ಸಂಬಂಧ ಇರೋರ ಮಾತು ನಿಷ್ಪಕ್ಷಪಾತ ಆಗಲ್ಲ."

"ಲೋ ಯೆರೋನಿಮ್," ಮೆಲಾನಿಯಾ ಕೇಳಿದರು, "ಕ್ರಿಸ್‌ಮಸ್‌ಗೆ ನಮ್ಮನೇಲಿ ತಟ್ಟೆ ತಟ್ಟೆ ವರೇನಿಕಿ ಕಡುಬು ಬಾರಿಸಿದ್ಯಲ್ಲ, ಯಾರ ಮನೆ ಅಂತ ಬಂದಿದ್ದೆ?"

"ಅದು ಖಾಸಗಿ ಭೇಟಿ, ಪಾನಿ ಮೆಲಾನಿಯಾ."

ಕೊನೆಗೆ ಎರಡೂ ಪಕ್ಷಕ್ಕೆ ಸಮಾನ ಅಸಮಾಧಾನವಾಗುವ ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು. ಪುಸ್ತಕ ಹೊರಬಂತು: 'ನನ್ನ ಬದುಕು', ಕರ್ತೃ ಅಜ್ಞಾತ. ಕರ್ತೃ ಯಾರೆಂದು ಹೇಳಲಾಗದಿದ್ದರೂ ಆತ ಮಂತ್ರಿಗಳನ್ನು ಬಹಳ ಹತ್ತಿರದಿಂದ ಬಲ್ಲವನಿರಬೇಕೆಂದು ಕುಪ್ಚಾಕ್ ಮುನ್ನುಡಿಯಲ್ಲಿ ಊಹಿಸಿದ್ದರು.

ಚರ್ಚಿನ ನೆಲಮಾಳಿಗೆಯಲ್ಲಿ ಬಿಡುಗಡೆ. ಮಂತ್ರಿಗಳು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಮುಖಪುಟ ಓದಿದರು. ತಿರುಗಿಸಿ, ಬೆನ್ನಿನ ಮೇಲೂ ಹುಡುಕಿದರು. ನನಗೆ ಕರುಳು ಹಿಂಡಿದಂತಾಯಿತು. ಆದರೆ ನಡಾವಳಿಯಲ್ಲಿ ಕರುಳಿನ ವಿಷಯ ದಾಖಲಿಸುವ ಪದ್ಧತಿಯಿಲ್ಲ.

ಅಷ್ಟರಲ್ಲಿ ಜನ ಹಸ್ತಾಕ್ಷರಕ್ಕೆ ಸಾಲುಗಟ್ಟಿದರು. ಮಂತ್ರಿಗಳು ಪೆನ್ನು ಹಿಡಿದು ಹೆಂಡತಿಯತ್ತ ತಿರುಗಿದರು.

"ಏನಂತ ಬರೀಲೇ?"

"ಅವರು ಏನು ಅಚ್ಚು ಹಾಕಿದಾರೋ ಅದನ್ನೇ ಬರೀರಿ. ಮನೆಗೆ ಹೋಗೋಣ."

ಮಂತ್ರಿಗಳು 'ಅಜ್ಞಾತ' ಎಂದು ಬರೆದು ಕೆಳಗೆ ಗೆರೆ ಎಳೆದರು. ಎರಡೂ ಪಕ್ಷದ ತಜ್ಞರು ಭೂತಗನ್ನಡಿ ಹಿಡಿದು ಪರಿಶೀಲಿಸಿ, ಪರಿಷತ್ತಿನ ಇತಿಹಾಸದಲ್ಲೇ ಮೊದಲ ಬಾರಿಗೆ ಒಮ್ಮತಕ್ಕೆ ಬಂದರು: ಸಹಿ ಅಸಲಿ.