ಬ್ಯಾರನ್ನಿನಲ್ಲಿ ಹದವಾದ ಡಿಟೆಕ್ಟರು

ಎಷ್ಟು ಎಚ್ಚರದಿಂದಿದ್ದರೂ ನನ್ನ ಸುತ್ತ ಇಂಥ ತಮಾಷೆಗಳು ನಡೆಯುತ್ತಲೇ ಇರುತ್ತವೆ. ಮೊದಲೆಲ್ಲ ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದೆ. ಈಗ ಅವಳಿಲ್ಲ; ಬರೆದಿಡುತ್ತಿದ್ದೇನೆ.

ಗಾವಡಗೆರೆ ಕಡೆ ನಾನು ವಿಜ್ಞಾನ ಹೇಳಿಕೊಡುವ ಹೈಸ್ಕೂಲಿಗೆ ಒಂದು ಪ್ರಯೋಗಾಲಯದವರು ಡಿಟೆಕ್ಟರು ಕೊಟ್ಟಿದ್ದರು. ಎರಡು ಪ್ಲಾಸ್ಟಿಕ್ ಹಲಗೆ, ಒಂದು ಎಣಿಸುವ ಪೆಟ್ಟಿಗೆ. ಆಕಾಶದಿಂದ ಬರುವ ಮ್ಯೂಯಾನ್ ಕಣ ಹಾದುಹೋದರೆ ಹಲಗೆಯೊಳಗೆ ಚೂರು ಬೆಳಕು ಮಿಂಚುತ್ತದೆ, ಪೆಟ್ಟಿಗೆ ಎಣಿಸುತ್ತದೆ. ಹೊರಗಿನ ಬೆಳಕು ಒಳಗೆ ನುಸುಳಬಾರದು. ಅದಕ್ಕೆ ಕಪ್ಪು ಬಟ್ಟೆಯ ಗವಸು ಹೊಲಿದವಳು ನನ್ನ ಹೆಂಡತಿ. ಅವಳು ಕೊನೆಯದಾಗಿ ಹೊಲಿದದ್ದು ಅದೇ. ಶನಿವಾರದೊಳಗೆ ಎಣಿಕೆ ಸ್ಥಿರವಾಗದಿದ್ದರೆ ಡಿಟೆಕ್ಟರು ಬೇರೆ ಶಾಲೆಗೆ ಎಂದು ಪತ್ರ ಬಂತು. ಹೋದರೆ ಗವಸು ಸಮೇತ ಹೋಗುತ್ತದೆ.

೧. ಕೂರದ ಅತಿಥಿ

ಹೆಡ್‌ಮೇಡಂ ಬಂದು ನೋಡಿದರು.

"ಆ ಕಣ ಹೆಂಚು ತೂರಿ ಬಂದು, ನಮ್ಮನ್ನೂ ತೂರಿ, ನೆಲಕ್ಕೆ ಹೋಗುತ್ತಾ?"

"ಹೌದು ಮೇಡಂ."

"ಒಂದು ಗಳಿಗೆನೂ ಕೂರಲ್ವಾ?"

"ಇಲ್ಲ."

"ಥೇಟ್ ನಮ್ಮ ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬ್ರು."

೨. ಪದ್ಧತಿ

ಕಿಟಕಿ ತೆರೆದರೆ ಎಣಿಕೆ ಏರುತ್ತಿತ್ತು. ಗವಸಿನ ಸೂಜಿ ತೂತುಗಳಿಂದ ಬೆಳಕು ಸೋರುತ್ತಿತ್ತು. ಮೇಲೆ ಕರಿ ಟೇಪು ಸುತ್ತಿದರೆ ಆಯಿತು. ಆದರೆ ಅವಳ ಹೊಲಿಗೆ ಮುಚ್ಚಿಹೋಗುತ್ತದೆ. ಟೇಪು ನಾಲ್ಕು ದಿನ ನನ್ನ ಜೇಬಿನಲ್ಲೇ ಇತ್ತು.

ಕೊನೆಗೆ ಶಾಲೆ ಪಕ್ಕದ ಗೌಡರ ಹೊಗೆಸೊಪ್ಪಿನ ಬ್ಯಾರನ್ ನೆನಪಾಯಿತು. ಬೆಂಕಿಯ ಕಾವಿನಲ್ಲಿ ಸೊಪ್ಪು ಬೇಯಿಸಿ ಹದ ಮಾಡುವ ಆ ಕೋಣೆ ಗವ್ವೆನ್ನುವ ಕತ್ತಲು. ಅಲ್ಲಿಟ್ಟೆ, ಎಣಿಕೆ ಸ್ಥಿರವಾಯಿತು. ಮಾರನೆಯ ದಿನ ನೋಡಿದರೆ ಐದು ಪಟ್ಟು. ಆಕಾಶದಲ್ಲಿ ಏನೋ ಆಗಿದೆ ಎಂದು ಸಮಯ ಸಮೇತ ಬರೆದುಕೊಂಡೆ. ಆಮೇಲೆ ಕನ್ನಡಕದ ಮೇಲೆ ಬೆವರು ಇಳಿಯಿತು. ಬಿಸಿಯಾದರೂ ಈ ಯಂತ್ರ ಸುಳ್ಳು ಎಣಿಸುತ್ತದೆ.

"ಗೌಡ್ರೇ, ಬೆಂಕಿ ಹಾಕಿದ್ದೀರಾ?"

"ಒಸಿ ಹಾಕಿವ್ನಿ ಮೇಷ್ಟ್ರೇ. ಬ್ಯಾರನ್ ಒಳಗೆ ಇಟ್ಟಿದ್ದನ್ನ ತಣ್ಣಗೆ ಬುಡೋದು ನಮ್ಮಲ್ಲಿ ಪದ್ಧತಿ ಇಲ್ಲ ಕಣ್ರೀ."

೩. ಗ್ರೇಡು

ಬೆಂಕಿ ಆರಿಸಿದ ಮೇಲೆ ಗೌಡರಿಗೆ ಟೇಪಿನ ವಿಷಯ ಹೇಳಿದೆ. ಅವರು ಗವಸನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕಿದರು.

"ಅಮ್ಮಾವ್ರು ಹೊಲ್ದಿದ್ದಾ?"

"ಹೂಂ."

"ಮೇಲೆ ಯಾಕೆ ಮುಚ್ಚೀರಿ? ಬ್ಯಾರನ್ ಬಿರುಕಿಗೆ ನಾವು ಒಳಗಿಂದ್ಲೇ ಮೆತ್ತೋದು."

ಗವಸನ್ನು ತಿರುವಿ, ಅಂಟು ಕಲಸಿದ ಜೇಡಿಮಣ್ಣನ್ನು ಹೊಲಿಗೆಯುದ್ದಕ್ಕೂ ತೆಳ್ಳಗೆ ಸವರಿ ಒಣಗಿಸಿದರು. ಹೊರಗೆ ಹೊಲಿಗೆ ಹಾಗೇ ಉಳಿಯಿತು.

ಶನಿವಾರ ಪ್ರಯೋಗಾಲಯದ ಮೇಡಂ ಬಂದರು. ಡಿಟೆಕ್ಟರನ್ನು ಎಳೆಬಿಸಿಲಿಗಿಟ್ಟು ನೋಡಿದರು, ನೆರಳಿಗಿಟ್ಟು ನೋಡಿದರು. ಎಣಿಕೆ ಕದಲಲಿಲ್ಲ.

"ಏನು ಹಚ್ಚಿದ್ರಿ ಸರ್?"

"ಇಲ್ಲೇ ಸಿಗೋ ವಸ್ತು ಮೇಡಂ."

ಅದನ್ನೂ ಬರೆದುಕೊಂಡು, ಡಿಟೆಕ್ಟರು ಇಲ್ಲೇ ಇರಲಿ ಎಂದು ಸಹಿ ಮಾಡಿದರು. ಅಷ್ಟರಲ್ಲಿ ಗೌಡರು, ಹೊಗೆಸೊಪ್ಪಿನ ಹರಾಜುಕಟ್ಟೆಯಲ್ಲಿ ಗ್ರೇಡಿಗೆ ಕಾಯುತ್ತ ತಮ್ಮ ಸೊಪ್ಪಿನ ಮೂಟೆಯ ಮುಂದೆ ನಿಲ್ಲುವಂತೆ, ಕೈಕಟ್ಟಿ ನಿಂತಿದ್ದರು.

"ಯಾವ ಗ್ರೇಡು ಹಾಕುದ್ರಿ ತಾಯಿ?"

ಮೇಡಂ ನಕ್ಕು, "ಫಸ್ಟ್ ಗ್ರೇಡ್" ಅಂದರು.

ಗೌಡರು ನನ್ನ ಕಡೆ ತಿರುಗಿದರು. "ನೋಡುದ್ರಾ ಮೇಷ್ಟ್ರೇ? ಬೇಯಿಸಿದ್ದಕ್ಕೆ ಬಂತು."