ಮಾವನ ಕುತ್ತಿಗೆ, ಅಜ್ಜಿಯ ಪಂಚಾಂಗ

ನಮ್ಮ ಮನೆಯಲ್ಲಿ ನನ್ನ ಸಲಹೆಯನ್ನು ಯಾರೂ ತಳ್ಳಿಹಾಕುವುದಿಲ್ಲ. ಶ್ರದ್ಧೆಯಿಂದ ಪಾಲಿಸುತ್ತಾರೆ. ಎಡವಟ್ಟುಗಳು ಹುಟ್ಟುವುದು ಅಲ್ಲಿಂದಲೇ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ.

ನಾನು ರಸಾಯನಶಾಸ್ತ್ರ ಓದಿದವಳು. ಮದ್ರಾಸಿನ ಗಿಂಡಿ ಬಡಾವಣೆಯ ಸಣ್ಣ ಕಾರ್ಖಾನೆಯೊಂದರಲ್ಲಿ ರೋಮ ತೆಗೆಯುವ ಕ್ರೀಮನ್ನು ಪರೀಕ್ಷಿಸುವುದು ನನ್ನ ಕೆಲಸ. ಹಚ್ಚಿದ ಜಾಗ ಕೆಂಪಾಯಿತೇ, ಉರಿಯಿತೇ, ಎಷ್ಟು ಹೊತ್ತಿಗೆ ತಣಿಯಿತು ಎಂದು ಬರೆದಿಡುತ್ತೇನೆ. ಇರುವುದು ನುಂಗಂಬಾಕ್ಕಂನಲ್ಲಿ, ಅಜ್ಜಿ ಮತ್ತು ಸೋದರಮಾವನ ಜೊತೆ. ಕೆಳಗೆ ಹೋಟೆಲು, ಮೇಲೆ ಮನೆ. ಅಜ್ಜ ಉಡುಪಿ ಕಡೆಯಿಂದ ಬಂದು ತೆರೆದ ಹೋಟೆಲು ಅದು.

ಮಾವನಿಗೆ ಮೂವತ್ತಾರು ವರ್ಷ. ಬೆಳಗಿನ ಐದಕ್ಕೇ ಕಾಫಿ ಕೌಂಟರಿನ ಹಿಂದೆ ಹಬೆಯಲ್ಲಿ ನಿಂತಿರುತ್ತಾರೆ. ದೂರದಿಂದ ನೋಡಿದರೆ ಮೋಡದಲ್ಲಿ ತೇಲುವ ಗಂಧರ್ವ. ಹತ್ತಿರ ಹೋದರೆ ಕುತ್ತಿಗೆ ಕಾಣುತ್ತದೆ. ಕ್ಷೌರದಿಂದಾದ ಕೆಂಪು ಗುಳ್ಳೆಗಳು, ಈ ಕಿವಿಯಿಂದ ಆ ಕಿವಿಯವರೆಗೆ. ಅಂಟುರೋಗವೋ ಏನೋ ಎಂದು ಮೂರು ಹೆಣ್ಣಿನ ಮನೆಯವರು ಹಿಂದೆ ಸರಿದಿದ್ದರು. ನಾಲ್ಕನೆಯ ಹೆಣ್ಣು ನೋಡಲು ಎರಡು ವಾರವಿತ್ತು.

"ಇದೂ ತಪ್ಪಿದರೆ ನಾನು ಇನ್ನು ಹೆಣ್ಣು ನೋಡ್ಲಿಕ್ಕೆ ಹೋಗುದಿಲ್ಲ" ಎಂದರು ಮಾವ ಹಬೆಯ ಒಳಗಿನಿಂದ. "ನೀನು ಎಂತಾದ್ರೂ ಮಾಡು ಮಾರಾಯ್ತಿ."

ಮುಂಗಡ

ಮೊದಲು ಕಾರಣ ಹುಡುಕಬೇಕು. ಒಂದು ಸೋಮವಾರ ಮಾವ ಕ್ಷೌರ ಮಾಡಿಕೊಳ್ಳುವಾಗ ಪಕ್ಕದಲ್ಲಿ ನಿಂತು ಎಣಿಸಿದೆ. ಅವರ ಕಣ್ಣು ಕನ್ನಡಿಯಲ್ಲಿದ್ದರೂ ಮನಸ್ಸು ಎಲ್ಲೋ ಬೀಚಿನಲ್ಲಿ ನಡೆಯುತ್ತಿದ್ದ ಹಾಗಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು. ಒಂದೇ ಜಾಗದ ಮೇಲೆ ರೇಜರು ಒಂಬತ್ತು ಸಲ ಹೋಯಿತು. ಅದೂ ಕೂದಲಿಗೆ ಎದುರಾಗಿ.

"ಮಾವ, ಎರಡು ಸಲಕ್ಕೇ ನುಣ್ಣಗಾಗಿತ್ತು. ಉಳಿದ ಏಳು ಎಂತಕ್ಕೆ?"

"ನಾಳೆ ಮಂಗಳವಾರ, ಆಗುದಿಲ್ಲ. ಬುಧವಾರ ಏಕಾದಶಿ, ಆಗುದಿಲ್ಲ."

ಇದು ಅಜ್ಜಿಯ ಕಾನೂನು. ಮಂಗಳವಾರ, ಶುಕ್ರವಾರ, ಶನಿವಾರ, ಭಾನುವಾರ ಕ್ಷೌರವಿಲ್ಲ. ಉಳಿದ ಮೂರು ದಿನಗಳಲ್ಲೂ ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ, ಸಂಕ್ರಮಣ, ಜನ್ಮನಕ್ಷತ್ರ ಬಂದರೆ ಇಲ್ಲ. ಅಜ್ಜಿ ಪಂಚಾಂಗ ತೆರೆದು ಒಪ್ಪಿಗೆ ಕೊಟ್ಟ ಮೇಲೆಯೇ ರೇಜರು ನೀರು ಮುಟ್ಟುತ್ತದೆ.

"ಸರಿ. ಅದಕ್ಕೂ ಒಂಬತ್ತು ಸಲಕ್ಕೂ ಎಂತ ಸಂಬಂಧ?"

"ನಾಳೆಯದ್ದು, ನಾಡಿದ್ದಿನದ್ದು ಇವತ್ತೇ ತೆಗೆದಿಡುದು."

ನನ್ನ ನೋಟ್‌ಬುಕ್ಕಿನಲ್ಲಿ 'ಕಾರಣ' ಎಂಬಲ್ಲಿ ಬರೆದುಕೊಂಡೆ: ಇನ್ನೂ ಹುಟ್ಟದ ಗಡ್ಡ.

ಬಾಣಗಳು

ಐದು ನಿಯಮ ಬರೆದು ಕನ್ನಡಿಯ ಮೂಲೆಗೆ ಅಂಟಿಸಿದೆ. ಮೊದಲು ಬಿಸಿನೀರಿನಲ್ಲಿ ಗಡ್ಡ ನೆನೆಯಬೇಕು. ಬ್ಲೇಡು ಹೊಸದಿರಬೇಕು. ಒತ್ತಬಾರದು. ಆಮೇಲೆ ತಣ್ಣೀರಿನಲ್ಲಿ ತೊಳೆಯಬೇಕು, ಸ್ಪಿರಿಟ್ ಇರುವ ಯಾವುದೂ ಚರ್ಮಕ್ಕೆ ತಾಗಬಾರದು. ಐದನೆಯದು, ಕೂದಲು ಯಾವ ಕಡೆಗೆ ಬೆಳೆಯುತ್ತದೋ ಆ ಕಡೆಗೇ ರೇಜರು ಎಳೆಯಬೇಕು. ಕುತ್ತಿಗೆಯಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ದಿಕ್ಕು ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ ಎಂದಿದ್ದೆ.

ಕನ್ನಡಿಯಲ್ಲಿ ಎಡಬಲ ಅದಲು ಬದಲಾಗುತ್ತದೆ, ಕಾಗದಕ್ಕೆ ಇಳಿಸುವಾಗ ತಪ್ಪಾದೀತು ಎಂದು ಮಾವ ಯೋಚಿಸಿದರು. ಯೋಚನೆ ಸರಿಯಾದದ್ದೇ. ಅದಕ್ಕೆ ಅವರು ಕಂಡುಕೊಂಡ ದಾರಿ ಬೇರೆ. ಗುರುವಾರ ಬೆಳಿಗ್ಗೆ ಅಡುಗೆ ಭಟ್ಟರ ಮುಂದೆ ಕುತ್ತಿಗೆ ಎತ್ತಿ ಕುಳಿತರು. ಭಟ್ಟರು ಪಾರ್ಸೆಲ್ ಪೊಟ್ಟಣಗಳ ಮೇಲೆ 'ಇಡ್ಲಿ', 'ವಡೆ' ಎಂದು ಬರೆಯುವ ಮಾರ್ಕರ್ ತೆಗೆದುಕೊಂಡು ಕುತ್ತಿಗೆಯ ಮೇಲೆ ಹದಿನಾಲ್ಕು ಬಾಣ ಬರೆದರು.

ಕ್ಷೌರ ಚೆನ್ನಾಗಿಯೇ ಆಯಿತು. ಬಾಣಗಳು ಹೋಗಲಿಲ್ಲ. ಸ್ಪಿರಿಟ್ ಹಾಕಿ ಒರೆಸೋಣವೆಂದರೆ ನಾಲ್ಕನೆಯ ನಿಯಮ ಅಡ್ಡ ಬಂತು. ತೆಂಗಿನೆಣ್ಣೆ ಹಚ್ಚಿ ಕಾಯುವುದೆಂದು ತೀರ್ಮಾನವಾಯಿತು.

ದಿನಾ ಕಾಫಿಗೆ ಬರುವ ನಿವೃತ್ತ ಗುಮಾಸ್ತರೊಬ್ಬರು ಲೋಟ ಹಿಡಿದು ಬಹಳ ಹೊತ್ತು ನೋಡಿ ತಮಿಳಿನಲ್ಲಿ ಕೇಳಿದರು.

"ಎನ್ನ ಸಾರ್, ಆಪರೇಷನಾ?"

"ಇಲ್ಲೆ ಸಾರ್. ಸುಮ್ಮಾ" ಎಂದರು ಮಾವ. ಏನಿಲ್ಲ, ಸುಮ್ಮನೆ ಎಂದು.

ಗುಮಾಸ್ತರು ನಂಬಲಿಲ್ಲ. ಭುಜ ತಟ್ಟಿ, ಕಣ್ಣು ಒರೆಸಿಕೊಂಡು ಹೋದರು.

ಎರಡು ದಿನಕ್ಕೆ ಬಾಣಗಳು ಮಾಸಿದವು. ಮೂರನೆಯ ದಿನ ಗುಮಾಸ್ತರು ಕಪಾಲೀಶ್ವರನ ವಿಭೂತಿ ತಂದುಕೊಟ್ಟರು. ಹಬೆಯಲ್ಲಿ ಮಾವನ ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ಪರೀಕ್ಷಿಸಿ, ಮೆಲ್ಲಗೆ ಕೇಳಿದರು: "ಒಂದು ಹೊಲಿಗೆಯೂ ಕಾಣುವುದಿಲ್ಲವಲ್ಲ. ಡಾಕ್ಟರು ಯಾರು?"

ಉಪ್ಪು

ಕುತ್ತಿಗೆಯ ಹಿಂಬದಿಗೆ ಮಾವನ ಕೈ ತಲುಪುತ್ತಿರಲಿಲ್ಲ. ಅಲ್ಲಿಗೆ ನಮ್ಮ ಕಾರ್ಖಾನೆಯ ಕ್ರೀಮು ಸಾಕೆಂದು ಒಂದು ಟ್ಯೂಬು ತಂದುಕೊಟ್ಟೆ.

"ನೇರ ಹಚ್ಚಬಾರದು ಮಾವ. ಕೈಯ ಒಳಬದಿಯಲ್ಲಿ ಒಂದು ಚುಕ್ಕಿ ಹಚ್ಚಿ, ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ತೊಳೆಯಿರಿ. ಒಂದು ದಿನ ಕಾಯಿರಿ. ಕೆಂಪಾಗದಿದ್ದರೆ ಮಾತ್ರ ಮುಂದಿನದು."

ಮರುದಿನ ಮಧ್ಯಾಹ್ನ, ಊಟದ ಗದ್ದಲ ಇಳಿದು ಫ್ಯಾನುಗಳೂ ತೂಕಡಿಸುವ ಹೊತ್ತಿಗೆ, ಕೆಳಗಿಳಿದೆ. ಮಾವನ ಕೈ ನೋಡಿದೆ. ಕ್ರೀಮು ತಾಗಿದ ಗುರುತೇ ಇಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಭಟ್ಟರು ಬಂದರು. ಅವರು ಸೆಖೆಗೆ ಅಂಗಿ ಹಾಕುವವರಲ್ಲ. ಎದೆಯ ತುಂಬ ಕಾಡಿನಂಥ ಕೂದಲು. ಆ ಕಾಡಿನ ನಡುವೆ, ಜನಿವಾರದ ಪಕ್ಕದಲ್ಲಿ, ಅಂಗೈಯಗಲದ ಬಯಲು.

"ಏನೂ ಕೆಂಪಾಗಿಲ್ಲ ನೋಡು" ಎಂದರು ಭಟ್ಟರು. "ಗಾಳಿ ಒಳ್ಳೆ ಆಡ್ತದೆ."

ಮಾವನಿಗೆ ಹೇಳಿದೆ, ಒಬ್ಬರ ಚರ್ಮ ಇನ್ನೊಬ್ಬರದ್ದರ ಹಾಗಿರುವುದಿಲ್ಲ, ಭಟ್ಟರ ಮೇಲೆ ಪರೀಕ್ಷೆ ಮಾಡಿದರೆ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ ಎಂದು.

ಮಾವ ನನ್ನನ್ನು ಕನಿಕರದಿಂದ ನೋಡಿದರು. "ಮೂವತ್ತು ವರ್ಷದಿಂದ ಸಾಂಬಾರಿನ ಉಪ್ಪು ನೋಡುದು ಭಟ್ಟರು ಒಬ್ಬರೇ. ಊಟ ಮಾಡುದು ಇಡೀ ನುಂಗಂಬಾಕ್ಕಂ. ಯಾರಾದ್ರೂ ತಕರಾರು ಮಾಡಿದ್ದಾರಾ?"

ಎಷ್ಟನೇ ತಿಂಗಳು

ಹೆಣ್ಣು ನೋಡುವುದು ಭಾನುವಾರವೆಂದು ನಿಶ್ಚಯವಾಗಿತ್ತು. ಪಂಚಾಂಗದ ಪ್ರಕಾರ ಗುರುವಾರ ಮಾವನ ಜನ್ಮನಕ್ಷತ್ರ. ಶುಕ್ರ, ಶನಿ, ಭಾನು ಹೇಗೂ ಇಲ್ಲ. ಹಾಗಾಗಿ ಬುಧವಾರವೇ ಕೊನೆಯ ಕ್ಷೌರ.

"ಅಜ್ಜಿ, ಒಂದು ದಿನಕ್ಕೆ ಬಿಟ್ಟುಕೊಡಿ. ನಾಲ್ಕು ದಿನದ ಗಡ್ಡದಲ್ಲಿ ಹೆಣ್ಣು ನೋಡಲು ಹೋಗುವುದಾ?"

"ಆಯುಷ್ಯ ಕಡಿಮೆ ಮಾಡಿಕೊಂಡು ಮದುವೆಯಾಗಿ ಎಂತ ಲಾಭ?" ಎಂದು ಅಜ್ಜಿ ಪಂಚಾಂಗ ಮುಚ್ಚಿದರು.

ಭಾನುವಾರ ಬೆಳಿಗ್ಗೆ ಮಾವನ ಕುತ್ತಿಗೆ ನೋಡಿದೆ. ತೆಳ್ಳಗಿನ ಗಡ್ಡದ ಕೆಳಗೆ ಒಂದು ಗುಳ್ಳೆಯೂ ಇಲ್ಲ. ಅಲೆ ಹಿಂದೆ ಸರಿದ ಮೇಲಿನ ಮರಳಿನ ಹಾಗೆ ಚರ್ಮ ಶಾಂತವಾಗಿತ್ತು. ನಾಲ್ಕು ದಿನ ಅದರ ಗೊಡವೆಗೆ ಯಾರೂ ಹೋಗಿರಲಿಲ್ಲ, ಅಷ್ಟೇ.

"ಸುಮ್ಮನೆ ಬಿಟ್ಟರೆ ವಾಸಿಯಾಗ್ತದೆ ಅಂತ ಕಲಿಯಲಿಕ್ಕೆ ನಿನಗೆ ಕಾಲೇಜಲ್ಲಿ ಐದು ವರ್ಷ ಬೇಕಾಯ್ತಾ?" ಎಂದರು ಅಜ್ಜಿ.

ಹುಡುಗಿಯ ಮನೆ ಪಶ್ಚಿಮ ಮಾಂಬಲಂನಲ್ಲಿ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮಾಧ್ವರು. ಹುಡುಗಿ ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಾಳೆ. ಆ ಮನೆಯಲ್ಲಿ ಎಲ್ಲವೂ ಕನಸಿನಲ್ಲಿ ನಡೆದ ಹಾಗೆ ನಿಧಾನವಾಗಿ ನಡೆಯಿತು. ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಕುತ್ತಿಗೆಯ ಬಗ್ಗೆ ಯಾರೂ ಕೇಳಲಿಲ್ಲ. ಹುಡುಗಿ ಕಾಫಿ ತಂದುಕೊಟ್ಟಳು. ಮಾವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಡಿಕಾಕ್ಷನ್ ಅವಸರ ಮಾಡದೆ ಇಳಿಸಿದ್ದೀರಿ" ಎಂದರು.

ಹುಡುಗಿ ಮೊದಲ ಸಲ ತಲೆ ಎತ್ತಿ ಅವರನ್ನು ನೋಡಿ, ತಟ್ಟೆ ಹಿಡಿದು ಒಳಗೆ ಹೋದಳು. ಕೆಲಸ ಮುಗಿಯಿತು ಎಂದು ನಾನು ಉಸಿರುಬಿಟ್ಟೆ.

ಆಗ ಮೂಲೆಯ ಉಯ್ಯಾಲೆ ನಿಂತಿತು. ಅದರಲ್ಲಿ ಕುಳಿತಿದ್ದವರು ಹುಡುಗಿಯ ಅಜ್ಜಿ. ಆ ಮನೆಯಲ್ಲಿ ಅಜ್ಜಿಯನ್ನು ಪಾಟಿ ಎನ್ನುತ್ತಾರೆ, ಮದುವೆಗಂಡನ್ನು ಮಾಪಿಳ್ಳೆ.

"ಮಾಪಿಳ್ಳೆ ಯಾಕೆ ಗಡ್ಡ ಬಿಟ್ಟಿದ್ದಾರೆ?"

"ಈಗ ಅದೆಲ್ಲ ಫ್ಯಾಷನ್ ಅಮ್ಮಾ" ಎಂದರು ಹುಡುಗಿಯ ತಂದೆ.

"ನಮ್ಮವರಲ್ಲಿ ಗಡ್ಡ ಬಿಡೋದು ಎರಡಕ್ಕೇ. ಮನೇಲಿ ಸಾವಾದರೆ. ಇಲ್ಲಾ, ಹೆಂಡತಿ ಬಸುರಿಯಾದರೆ." ಪಾಟಿ ನಮ್ಮ ಅಜ್ಜಿಯ ಕಡೆ ತಿರುಗಿದರು. "ನಿಮ್ಮಲ್ಲಿ ಯಾರಾದರೂ ಹೋದರಾ?"

"ಇಲ್ಲಮ್ಮ. ಎಲ್ಲರೂ ಸೌಖ್ಯ" ಎಂದರು ನಮ್ಮ ಅಜ್ಜಿ, ಮುಂದಿನದನ್ನು ಯೋಚಿಸದೆ.

ಪಾಟಿ ತಲೆಯಾಡಿಸಿದರು. "ಸರಿ. ಹಾಗಾದರೆ ಎಷ್ಟನೇ ತಿಂಗಳು?"

ಪರದೆ ಉಬ್ಬಿ ಹಾಗೆಯೇ ನಿಂತಿತು. ಪಂಚಾಂಗದ ವಿಷಯ ಹೇಳಬೇಕಾಗಿದ್ದ ನಮ್ಮ ಅಜ್ಜಿ ಸೆರಗಿನ ತುದಿ ಹಿಡಿದುಕೊಂಡು ಕುಳಿತುಬಿಟ್ಟರು. ನಾಲ್ಕನೆಯ ಹೆಣ್ಣೂ ಹೋಯಿತು ಎಂದುಕೊಂಡೆ.

ಮಾವ ಲೋಟ ಕೆಳಗಿಟ್ಟರು. "ಹೆಂಡತಿಯೇ ಇನ್ನೂ ಆಗಿಲ್ಲ ಪಾಟಿ. ಅದನ್ನು ಕೇಳ್ಲಿಕ್ಕೇ ಬಂದದ್ದು."

ಒಳಗೆ ತಟ್ಟೆಯೊಂದು ಬಿದ್ದ ಸದ್ದು ಕೇಳಿತು. ಜೊತೆಗೆ ಹುಡುಗಿಯ ನಗು. ಅದು ನಾವು ಮೆಟ್ಟಿಲಿಳಿಯುವವರೆಗೂ ನಿಲ್ಲಲಿಲ್ಲ.

ಮೂರು ದಿನ ಕಳೆದು ಹುಡುಗಿಯ ತಂದೆಯ ಫೋನ್ ಬಂತು. ಮಾವ ಹಬೆಯಲ್ಲಿ ಅಲುಗಾಡದೆ ನಿಂತಿದ್ದರು. ಫೋನ್ ನಾನೇ ತೆಗೆದೆ.

"ಹುಡುಗಿ ಒಪ್ಪಿದ್ದಾಳೆ. ನಮಗೂ ತುಂಬ ಸಂತೋಷ" ಎಂದರು ಅವರು. ಆಮೇಲೆ ದನಿ ತಗ್ಗಿಸಿದರು. "ಒಂದೇ ವಿಷಯ. ಮುಹೂರ್ತಕ್ಕೆ ಬರುವಾಗ ದಯವಿಟ್ಟು ಗಡ್ಡ ತೆಗೆಸಿಕೊಂಡು ಬರಲಿ. ನಮ್ಮಮ್ಮ ದಿನಾ ಕೇಳುತ್ತಿದ್ದಾರೆ, ಆ ಮೊದಲನೆಯವಳಿಗೆ ಹೆರಿಗೆ ಆಯಿತಾ ಅಂತ."