ಕಲ್ಲು ನೆಕ್ಕುವ ಮಾಮ

ನಮ್ಮ ಸೋದರಮಾವನ ನಾಲಿಗೆಗೆ ರುಚಿಯೆಂಬುದೇ ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಉಪ್ಪು ಮರೆತ ಹುಳಿಯನ್ನೂ, ಎರಡು ಸಲ ಉಪ್ಪು ಬಿದ್ದ ಹುಳಿಯನ್ನೂ ಒಂದೇ ಮುಖ ಇಟ್ಟುಕೊಂಡು ಉಣ್ಣುತ್ತಿದ್ದ ಮಹಾನುಭಾವ! ಆದರೆ ಕಲ್ಲು ಕಂಡರೆ ಸಾಕು, ಎತ್ತಿಕೊಂಡು ನೆಕ್ಕಿಬಿಡುತ್ತಿದ್ದ. ಕಲ್ಲುಸಕ್ಕರೆಯಲ್ಲ ಸ್ವಾಮಿ, ಕಲ್ಲು!

ಗೊರೂರಿಗೆ ಅಣೆಕಟ್ಟು ಬರುವುದಕ್ಕೂ ಮುಂಚಿನ ಮಾತು. ಮಾಮ ಭೂವಿಜ್ಞಾನಿ. ಒಣಕಲ್ಲಿನ ಮೇಲೆ ದೂಳು ಕೂತಿರುತ್ತದೆ, ಒದ್ದೆ ಮಾಡಿದರೆ ಒಳಗಿನ ಕಾಳು ಎದ್ದು ಕಾಣುತ್ತದೆ, ನಾಲಿಗೆ ಇರುವಾಗ ನೀರಿನ ಚೊಂಬು ಏಕೆ ಹೊರಬೇಕು ಎನ್ನುವುದು ಅವನ ವಾದ. ವಾದ ಸರಿಯೇ ಇರಬಹುದು. ಆದರೆ ಅದನ್ನು ಹೊಳೆನರಸೀಪುರದ ಪೇಟೆಬೀದಿಯಲ್ಲಿ, ರಸ್ತೆ ಕೆಲಸದ ಜಲ್ಲಿ ರಾಶಿಯ ಮುಂದೆ, ಸರಿಯಾಗಿ ಸ್ಕೂಲು ಬಿಡುವ ಹೊತ್ತಿಗೇ ಮಂಡಿಸಬೇಕೆ? ಹೈಸ್ಕೂಲು ಹುಡುಗಿ ನಾನು, ನಾಚಿಕೆಯಿಂದ ಭೂಮಿಗಿಳಿದು ಹೋದೆ.

"ಅವರು ನಿಮ್ಮ ಮಾಮ ಅಲ್ವೇನೇ?" ಎಂದಳು ಗೆಳತಿ.

"ಅಲ್ಲ ಕಣೇ, ನಮ್ಮಮ್ಮನ ತಮ್ಮ!" ಎಂದುಬಿಟ್ಟೆ.

ವಾರವಿಡೀ ಚನ್ನರಾಯಪಟ್ಟಣದ ಕಡೆಯ ಗುಡ್ಡಗಳನ್ನು ಅಲೆದು, ಶನಿವಾರ ಕಲ್ಲಿನ ಚೀಲದೊಂದಿಗೆ ನಮ್ಮ ಮನೆಗೆ ಬರುತ್ತಿದ್ದ. ಒಮ್ಮೆ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ಚೀಲ ಎತ್ತಲಾರದೆ ಕಂಡಕ್ಟರು ಕೇಳಿದ, "ಏನ್ ಸಾ, ನರಸೀಪುರ್ದಲ್ಲಿ ಕಲ್ಗೇನ್ ಬರ ಬಂದೈತಾ?"

"ಇದು ಬರೀ ಕಲ್ಲಲ್ಲಪ್ಪ, ಕ್ರೋಮೈಟು! ತುಕ್ಕು ಹಿಡಿಯದ ಉಕ್ಕು ಮಾಡೋಕೆ ಇದೇ ಬೇಕು. ದೇಶಕ್ಕೇ ಬೇಕಾದ ಮಾಲು."

"ಅಂಗಾರೆ ಲಗೇಜ್ ಚಾರ್ಜೂ ಅಂಗೇ ಕೊಡಿ ಸಾ!"

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯಾಚೆಯ ಹೊಲ ನೋಡುತ್ತ ಕೂತೆ.

ಆ ಕ್ರೋಮೈಟು ನೆಲದೊಳಗೆ ಹೇಗೆ ಹುಟ್ಟಿತು ಎನ್ನುವುದೇ ಅವನ ಸಂಶೋಧನೆ. ಬಂಡೆಯೆಲ್ಲ ಕರಗಿ ಕುದಿಯುತ್ತಿದ್ದ ಕಾಲದಲ್ಲಿ ಭಾರದ ಕರಿ ಕಾಳುಗಳು ಮೆಲ್ಲಗೆ ಇಳಿದು ತಳದಲ್ಲಿ ಪದರಗಟ್ಟಿದವಂತೆ. ಇದಕ್ಕೆ ಸಾಕ್ಷಿ ಎಲ್ಲಿ ಸಿಗಬೇಕು? ಸಾರಿನ ಪಾತ್ರೆಯಲ್ಲಿ! ಅರಕಲಗೂಡಿನ ನೆಂಟರ ಮದುವೆಯಲ್ಲಿ ಪಂಕ್ತಿಯ ನಡುವೆ ಎದ್ದು ನಿಂತು, "ಕಲಕಬೇಡ್ರೀ! ಬೇಳೆ ಈಗತಾನೆ ತಳಕ್ಕೆ ಇಳೀತಿದೆ!" ಎಂದು ಕೂಗಿದ.

ಬಡಿಸುವವರು ಶಾಂತವಾಗಿ, "ಹಾಗಾದ್ರೆ ತಮಗೆ ಮೇಲಿನ ನೀರೇ ಗತಿ ಸ್ವಾಮಿ" ಎಂದು ಎಲೆಗೆ ಒಂದು ಸೌಟು ತಿಳಿ ಹುಯ್ದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಮ್ಮ ಪಡಸಾಲೆಯ ತುಂಬ ಅವನ ಕಲ್ಲುಗಳು. ಒಂದೊಂದಕ್ಕೂ ಗೋಂದಿನಲ್ಲಿ ಅಂಟಿಸಿದ ಪುಟ್ಟ ಚೀಟಿ, ಅದರ ಮೇಲೆ ನಂಬರು. ಬಂದವರೆಲ್ಲ ಎಡವುತ್ತಿದ್ದರು. ಆ ದಸರೆಯಲ್ಲಿ ಬೊಂಬೆ ಕೂರಿಸುವಾಗ ಅಮ್ಮನಿಗೊಂದು ಉಪಾಯ ಹೊಳೆಯಿತು. ಮೇಲಧಿಕಾರಿಗಳ ಮುಂದೆ ತನ್ನ ಸಂಶೋಧನೆ ಮಂಡಿಸುವ ದಿನ ಗೊತ್ತುಮಾಡಿಕೊಂಡು ಬರಲು ಮಾಮ ಹಾಸನಕ್ಕೆ ಹೋಗಿದ್ದ. ಅಮ್ಮ ಅಷ್ಟೂ ಕಲ್ಲುಗಳನ್ನು ಬಾವಿಕಟ್ಟೆಗೆ ಹೊತ್ತು, ಸೀಗೆಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ದೊಡ್ಡವು ಕೆಳಗೆ, ಚಿಕ್ಕವು ಮೇಲೆ, ಸುತ್ತ ರಾಗಿ ಪೈರು, ತುದಿಯಲ್ಲಿ ಶಿವ ಪಾರ್ವತಿ. ಎಂಥ ಬೆಟ್ಟ ಕಟ್ಟಿದಳು ಅಂತೀರಿ! ಆರತಿಗೆ ಬಂದ ಹೆಂಗಸರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. "ನಮ್ಮ ತಮ್ಮ ತಂದ ಕಲ್ಲು" ಎಂದು ಅಮ್ಮ ಮೊದಲ ಸಲ ಹೆಮ್ಮೆಯಿಂದ ಹೇಳಿಕೊಂಡಳು.

ಅಷ್ಟರಲ್ಲಿ ಮಾಮ ಬಂದ. ಬೆಟ್ಟ ನೋಡಿದವನೇ ಬಿಳಿಚಿಕೊಂಡ. "ಚೀಟಿಗಳೆಲ್ಲಿ ಅಕ್ಕ?"

"ಹಾಳಾದ್ದು, ಬರೀ ಅಂಟು ಕಣೋ. ಎಲ್ಲಾ ತೊಳ್ಕೊಂಡು ಹೋಯ್ತು."

ಅವನು ಬಗ್ಗಿ ಒಂದು ಕಲ್ಲಿನ ಮೇಲೆ ಬೆರಳಾಡಿಸಿದ. "ಬೆಟ್ಟ ಚೆನ್ನಾಗಿದೆ" ಎಂದು ಉಸಲಿ ತೆಗೆದುಕೊಂಡು ಮೂಲೆಯಲ್ಲಿ ಕೂತ. ತಿನ್ನಲಿಲ್ಲ. ಹೆಂಗಸರೆಲ್ಲ ಹೋದ ಮೇಲೆ ನಾನು ಕೇಳಿದ್ದಕ್ಕೆ ಹೇಳಿದ: "ಯಾವ ಕಲ್ಲು ತಳದ ಪದರದ್ದು, ಯಾವುದು ಮೇಲಿನದು ಅಂತ ಆ ನಂಬರೇ ಹೇಳ್ತಿತ್ತು. ಈಗಿವು ಬರೀ ಕಲ್ಲು."

ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ನೆನಪಿರೋ ಹಾಗೆ ಬರ್ಕೊಳ್ಳೋ" ಎಂದಳು, ಅಳು ನುಂಗುತ್ತ.

"ಅದು ಸುಳ್ಳಾಗುತ್ತೆ ಅಕ್ಕ."

ಮಾರನೆಯ ದಿನ ಮೇಲಧಿಕಾರಿಗಳಿಗೆ ತಂತಿ ಕೊಟ್ಟ, ನನ್ನ ಕೆಲಸ ಇನ್ನೂ ಮುಗಿದಿಲ್ಲವೆಂದು. ಕಾರಣ ಮಾತ್ರ ಬರೆಯಲಿಲ್ಲ. ಅಮ್ಮ ನಾಚಿಕೆಯಿಂದ ಅವನ ಮುಖ ನೋಡಲಾರದೆ, ತಟ್ಟೆ ಮುಂದಿಟ್ಟು ಒಳಗೆ ಓಡಿಬಿಡುತ್ತಿದ್ದಳು.

ಬೊಂಬೆ ಇಳಿಸಿದ ಮೇಲೆ ಅವನು ಮತ್ತೆ ಸುತ್ತಿಗೆ ಹಿಡಿದು ಹೊರಟ. ಹೊಸಿಲು ದಾಟಿದರೆ ದೇವಸ್ಥಾನ ಬಿಟ್ಟು ಬೇರೆ ದಾರಿ ಅರಿಯದ ಅಮ್ಮ, ಬುತ್ತಿ ಕಟ್ಟಿಕೊಂಡು, ಬಿಳಿ ಪೇಂಟಿನ ಡಬ್ಬಿ ಹಿಡಿದು, ನನ್ನನ್ನೂ ಎಳೆದುಕೊಂಡು ಅವನ ಹಿಂದೆಯೇ ಹೊರಟಳು. "ನಂಬರು ನಾನೇ ಬರೀತೀನಿ ಕಣೋ. ನಾನೇ ತಿಕ್ಕಿದ್ರೂ ಹೋಗಬಾರದು, ಹಾಗೆ!"

ಗುಡ್ಡದಲ್ಲಿ ಮಾಮ ಒಂದು ತುಂಡು ಒಡೆದು ಅವಳ ಕೈಗಿಟ್ಟ. ಎಮ್ಮೆ ಕಾಯುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು ನಿಂತಳು. ಅಮ್ಮ ಕಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬರೀ ದೂಳು. ಒಂದು ಸಲ ತಮ್ಮನ ಕಡೆ ನೋಡಿದಳು. ಆಮೇಲೆ, ಆ ಮುದುಕಿಯ ಎದುರಿಗೇ, ಕಲ್ಲನ್ನು ನೆಕ್ಕಿದಳು!

"ಕಾಣ್ತು ಕಣೋ! ಕರಿ ಕಾಳು!"

ಮಾಮ ಆ ಕಡೆ ತಿರುಗಿ, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ. ಮುದುಕಿ ನನ್ನ ಪಕ್ಕ ಸರಿದು ಮೆಲ್ಲಗೆ ಕೇಳಿದಳು, "ಯಾರವ್ವಾ ಇವ್ರು?"

ಜಲ್ಲಿ ರಾಶಿಯ ಮುಂದಿನ ಆ ಸಾಯಂಕಾಲ ನೆನಪಾಗಿ, ನನ್ನ ಮೇಲೆ ನನಗೇ ನಾಚಿಕೆಯಾಯಿತು.

"ಅವರು ನಮ್ಮಮ್ಮ" ಎಂದೆ. "ಇವರು ನಮ್ಮ ಮಾಮ."